ಚಾವಣಿಯ ಗಿಳಿಗಳು

ಗಜೇಂದ್ರಗಡ,
ಬುಧವಾರ

ಮಾನ್ಯ ವ್ಯವಸ್ಥಾಪಕರಿಗೆ ನಮಸ್ಕಾರ.

ಕಳೆದ ರವಿವಾರ ಮಧ್ಯಾಹ್ನ ಬೆಂಗಳೂರಿನ ನಿಮ್ಮ ಹೋಟೆಲಿನಲ್ಲಿ ಊರುಗೋಲು ಬದಿಗಿಟ್ಟು ಕುರ್ಚಿ ಹತ್ತಿದವನು ನಾನೇ. ನಿಮ್ಮವರು ಹೊರಗೆ ಕಳಿಸಿದ್ದಕ್ಕೆ ಸಿಟ್ಟಿಲ್ಲ. ತನಗೆ ನೌಕರಿ ಸಿಕ್ಕ ಖುಷಿಗೆ ಅಕ್ಕನ ಮಗಳು ಭಾಗ್ಯಾ ನನ್ನನ್ನು ಅಲ್ಲಿಗೆ ಊಟಕ್ಕೆ ಕರೆತಂದಿದ್ದಳು.

ಗಾಜಿನ ನೆಲದಡಿ ನೀರು ಹರಿಯುತ್ತಿತ್ತು. ಅದನ್ನು ನೋಡಿ ಬೆರಗಾಗಿ ತಲೆಯೆತ್ತಿದರೆ ಚಾವಣಿಯ ತುಂಬ ಕಟ್ಟಿಗೆಯ ಗಿಳಿಗಳು. ಪ್ರತಿಯೊಂದರ ಕತ್ತೂ ಹಿಂದಕ್ಕೆ ತಿರುಗಿತ್ತು. ಹಾಗೆ ಕೆತ್ತುವವನು ನನ್ನ ಗೆಳೆಯ ಇನಾಯತ ಒಬ್ಬನೇ. ಹತ್ತಿರದಿಂದ ನೋಡಲೆಂದೇ ಕುರ್ಚಿ ಹತ್ತಿದೆ.

ಆರು ವರ್ಷದ ಹಿಂದೆ ಇಲ್ಲೊಂದು ಮನೆಯ ಕೆಲಸದಲ್ಲಿ ಅವನು ಕಟ್ಟಿದ ಅಟ್ಟಣಿಗೆ ಮುರಿದು ನಾನು ಕೆಳಗೆ ಬಿದ್ದೆ. ನಾನು ಸತ್ತೆನೆಂದು ತಿಳಿದು ಅವನು ಆ ಕ್ಷಣವೇ ಊರು ಬಿಟ್ಟ. ಎಷ್ಟು ಹುಡುಕಿದರೂ ಸಿಗಲಿಲ್ಲ.

ಅವನ ತಾಯಿ ಮೈಮುನಬಿ ಈಗ ದವಾಖಾನೆಯಲ್ಲಿದ್ದಾಳೆ. ಡಾಕ್ಟರು ಆಸೆ ಬಿಟ್ಟಿದ್ದಾರೆ. “ಮಾಲತೇಶಾ, ನೀ ಬದುಕಿದಿ ಅಂತ ಅವಂಗ ಯಾರರೆ ಹೇಳ್ರೋ” ಎಂದು ನನ್ನ ಕೈ ಹಿಡಿದು ಅಳುತ್ತಾಳೆ.

ಅಂದು ನಾನು ಕೇಳಿದಾಗ ಕೆಲಸಗಾರರ ವಿಳಾಸ ಕೊಡಲಾಗದು ಎಂದಿರಿ. ಕೊಡಬೇಡಿ. ಗಿಳಿ ಮಾಡಿಸಿದ ಗುತ್ತಿಗೆದಾರರ ಮೂಲಕ ಈ ಪತ್ರವನ್ನು ಅವನಿಗೆ ಸಿಕ್ಕ ದಿನವೇ ಮುಟ್ಟಿಸಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಫೋನು ಮಾಡಿದರೆ ನಿಮ್ಮವರು ಎತ್ತುತ್ತಿಲ್ಲ.

ನಾನು ಬದುಕಿದ್ದೇನೆಂದು ಬರೀ ಮಾತಿಗೆ ಅವನು ನಂಬಲಾರ. ಅದಕ್ಕೇ ಇಂದಿನ ಪತ್ರಿಕೆಯನ್ನು ಎದೆಗೆ ಹಿಡಿದು ನಿಂತ ನನ್ನ ಫೋಟೊ ಜತೆಗಿಟ್ಟಿದ್ದೇನೆ.

ನಿಮ್ಮ ದಾರಿ ಕಾಯುತ್ತಿರುವ,
ಮಾಲತೇಶ