ಮೂರನೆಯ ಕಂಬದ ನಕ್ಷೆ

ಹದಿನಾಲ್ಕನೆಯ ತಾರೀಖು, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ. ಬೈದುಕೋ, ಬೇಡ ಅನ್ನುವುದಿಲ್ಲ. ಮನೆಯಲ್ಲಿ ಎಲ್ಲರೂ ಕ್ಷೇಮ ತಾನೆ? ನಿಮ್ಮ ನೀರು ಸರಬರಾಜು ಕಚೇರಿಯ ಲಿಫ್ಟ್ ಕೆಟ್ಟು ವರ್ಷವಾಯಿತು, ನಾಲ್ಕು ಮಹಡಿ ಏದುಸಿರು ಬಿಡುತ್ತ ಹತ್ತುತ್ತೇನೆ ಎಂದು ನೀನು ಬರೆದಿದ್ದೆ. ಓದಿ ನಕ್ಕೆ. ಆಮೇಲೆ ಹೊಟ್ಟೆಕಿಚ್ಚಾಯಿತು. ಹತ್ತಿ ಹೋಗಲು ನಿನಗೊಂದು ಕಚೇರಿಯಾದರೂ ಇದೆ.

ಇಲ್ಲಿ ಆರೇಳು ತಿಂಗಳಿಂದ ಮನೆತುಂಬ ಪುಸ್ತಕದ್ದೇ ಮಾತು. ಕಂಪನಿಗೆ ಐವತ್ತು ವರ್ಷ. ಒಂದು ಹಳೇ ಕಾಂಕ್ರೀಟ್ ಮಿಕ್ಸರ್ ಇಟ್ಟುಕೊಂಡು ಚರಂಡಿ ಕಟ್ಟಿಸುತ್ತಿದ್ದ ನಮ್ಮ ಮಾವ, ಬಂದರು, ಸುರಂಗ, ವಿಮಾನ ನಿಲ್ದಾಣ ಕಟ್ಟುವಷ್ಟು ಹೇಗೆ ಬೆಳೆದರು ಎನ್ನುವ ಚರಿತ್ರೆ. ಬರೆಯಲು ಒಬ್ಬ ನಿವೃತ್ತ ಪತ್ರಕರ್ತರನ್ನು ನೇಮಿಸಿದ್ದರು. ದಪ್ಪ ಕನ್ನಡಕದ, ಮೆಲುಮಾತಿನ ಮನುಷ್ಯ. ನನ್ನನ್ನೂ ಕೂರಿಸಿಕೊಂಡು ಮನೆಗೆ ಬಂದುಹೋದ ಅತಿಥಿಗಳ ಬಗ್ಗೆ ಕೇಳಿದರು. ಹೂದಾನಿ ಹಿಡಿಸಿ ಮೆಟ್ಟಿಲ ಬಳಿ ಒಂದು ಫೋಟೋ ತೆಗೆಸಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ನಾವೆಲ್ಲ ತಿಂಡಿಗೆ ಕೂತಿದ್ದಾಗ ಅವರು ಬಂದು ಮೇಜಿನ ಮೇಲೆ ಹಳದಿಗಟ್ಟಿದ ಹಾಳೆಯೊಂದನ್ನು ಹರಡಿದರು. ಗೋದಾಮಿನಲ್ಲಿ ಸಿಕ್ಕಿತಂತೆ. ದೊಡ್ಡ ಸೇತುವೆಯ ಮೂರನೆಯ ಕಂಬದ ನಕ್ಷೆ, ಗುಬ್ಬಿ. ನದಿಯಡಿಯ ಬಂಡೆ ಇಳಿಜಾರಾಗಿದೆ ಎಂದು, ಕಂಪನಿಯಲ್ಲಿ ಎಂಜಿನಿಯರುಗಳಾಗಿದ್ದಾಗ ನಾವಿಬ್ಬರೂ ಆ ತಗಡಿನ ಶೆಡ್ಡಿನಲ್ಲಿ ಹನ್ನೊಂದು ದಿನ ಕೂತು ಕಂಡುಕೊಂಡೆವಲ್ಲ, ನಾನು ಕಂಬವನ್ನು ಹನ್ನೆರಡು ಅಡಿ ಸರಿಸಿ ಬರೆದೆನಲ್ಲ, ಅದೇ. ಮೊದಲಿದ್ದ ಜಾಗದಲ್ಲೇ ನಿಲ್ಲಿಸಿದ್ದರೆ ಮೊದಲ ಪ್ರವಾಹಕ್ಕೇ ಜಾರುತ್ತಿತ್ತು. ಕಂಪನಿಗೆ ಹೆಸರು ಬಂದದ್ದೇ ಆ ಸೇತುವೆಯಿಂದ.

"ಮೂಲೇಲಿರೋ ಈ ಸಹಿ ಯಾರದು?" ಎಂದು ಕೇಳಿದರು. ಅಲ್ಲಿದ್ದದ್ದು ಮದುವೆಗೆ ಮುಂಚಿನ ನನ್ನ ಇನಿಷಿಯಲ್.

ನಮ್ಮವರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ, "ಯಾರೋ ಡ್ರಾಫ್ಟ್ಸ್‌ಮನ್ ಇರ್ಬೇಕು. ಲೆಕ್ಕ ಎಲ್ಲಾ ನಂದೇ" ಅಂದರು. ಅದು ಸುಳ್ಳು ಎನ್ನುವುದು ಅವರಿಗೇ ಮರೆತುಹೋಗಿದೆ ಎಂದು ನನಗೆ ಅನುಮಾನ. ಆದರೆ ಮಾವ ನನ್ನ ಕಡೆ ನೋಡಿದರು. ಅವತ್ತು ಶೆಡ್ಡಿಗೆ ಬಂದು, "ಈ ಹುಡುಗಿ ಹೇಳ್ದಂಗೆ ಮಾಡಿ" ಎಂದು ಅಪ್ಪಣೆ ಕೊಟ್ಟವರು ಅವರೇ. ಆರು ತಿಂಗಳಿಗೆ ನಮ್ಮ ಮನೆಗೆ ಸಂಬಂಧ ಕೇಳಿಕೊಂಡು ಬಂದರು. ಅದನ್ನು ನಾನು ಬಹುಮಾನ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು, ನಾನೊಬ್ಬಳೇ ವರಾಂಡದಲ್ಲಿದ್ದಾಗ ಪತ್ರಕರ್ತರು ಮತ್ತೆ ಬಂದರು. ನಾನು ಮಾಲಿಗೆ ಬರೆದುಕೊಟ್ಟಿದ್ದ ಚೀಟಿಯನ್ನು ನಕ್ಷೆಯ ಪಕ್ಕ ಇಟ್ಟರು.

"ಅಮ್ಮಾ, ನೀವು ಏಳರ ಅಂಕಿಗೆ ನಡುವೆ ಅಡ್ಡಗೆರೆ ಹಾಕ್ತೀರಿ. ಇಲ್ಲೂ ಹಾಗೇ ಇದೆ. ನೀವು ಹೂಂ ಅಂದ್ರೆ ಸಾಕು, ಮೂರನೇ ಅಧ್ಯಾಯ ತಿದ್ದಿ ಬರೀತೀನಿ. ನನ್ನನ್ನ ಕೆಲಸದಿಂದ ತೆಗೆದ್ರೂ ಪರವಾಗಿಲ್ಲ."

"ಸೋಮವಾರದವರೆಗೆ ಸಮಯ ಕೊಡಿ" ಅಂದೆ.

ಯಾರು ಕೇಳಿಸಿಕೊಂಡರೋ ಗೊತ್ತಿಲ್ಲ. ಸಂಜೆ ನಮ್ಮವರು ಕೋಣೆಗೆ ಬಂದರು. ಅವರು ದನಿ ಎತ್ತುವವರೇ ಅಲ್ಲ. ಕಿಟಕಿಯ ಪರದೆ ಸರಿಮಾಡುತ್ತ, "ಮಗಳ ಕಾಲೇಜಿನ ಅರ್ಜಿಗೆ ಸಹಿ ಹಾಕೋದಿದೆ ಅಲ್ವಾ? ಪುಸ್ತಕದ ವಿಷಯ ಸುಸೂತ್ರವಾಗಿ ಮುಗೀಲಿ, ಹಾಕ್ತೀನಿ" ಅಂದರು. ಮಗಳಿಗಿನ್ನೂ ಹದಿನೇಳು, ಅಪ್ಪನ ಸಹಿಯಿಲ್ಲದೆ ಅರ್ಜಿ ನಡೆಯದು. ಸಿವಿಲ್ ಎಂಜಿನಿಯರಿಂಗೇ ಓದಬೇಕು ಎಂದು ವರ್ಷದಿಂದ ಹಠ ಹಿಡಿದಿದ್ದಳು. ಅರ್ಜಿಗೆ ಮಂಗಳವಾರವೇ ಕೊನೆ ದಿನ.

ಶನಿವಾರ ಗೇಟಿನವರೆಗೆ ಹೋದೆ. ಕಾವಲಿನವನು ದಡಬಡಿಸಿ ಎದ್ದು, "ಕಾರು ಕರೀಲಾ ಅಮ್ಮಾವ್ರೆ? ಎಲ್ಲಿಗೆ ಅಂತ ಹೇಳ್ಲಿ?" ಅಂದ. ಎಲ್ಲಿಗೆ ಎಂದು ನನಗೆ ಹೊಳೆಯಲೇ ಇಲ್ಲ ಕಣೇ. ಗಿಡಗಳಿಗೆ ನೀರು ಬಿಟ್ಟರಾ ಎಂದು ಏನೋ ಕೇಳಿ ವಾಪಸು ಬಂದೆ.

ಸೋಮವಾರ ಪತ್ರಕರ್ತರಿಗೆ, "ಆ ಅಕ್ಷರ ನನ್ನದಲ್ಲ" ಎಂದು ಹೇಳಿದೆ.

ಅವರು, "ಸರಿಯಮ್ಮ, ನಾನೇ ತಪ್ಪು ತಿಳ್ಕೊಂಡೆ" ಎಂದು ನಕ್ಷೆ ಮಡಿಸಿಕೊಂಡು ಹೊರಟರು. ಚಹಾ ಹಾಗೇ ಉಳಿಯಿತು. ಮಾರನೇ ಬೆಳಿಗ್ಗೆ ಪೇಪರಿನ ಪಕ್ಕದಲ್ಲಿ ಸಹಿ ಬಿದ್ದ ಅರ್ಜಿ ಇತ್ತು.

ಅದಾಗಿ ಮೂರು ತಿಂಗಳಾಯಿತು. ಈಗ ಪುಸ್ತಕ ಬಂದಿದೆ. ಎತ್ತಲು ಎರಡು ಕೈ ಬೇಕು, ಅಷ್ಟು ಭಾರ. ನಲವತ್ತನೆಯ ಪುಟದಲ್ಲಿ ನಮ್ಮವರು ಹೆಲ್ಮೆಟ್ ಹಾಕಿಕೊಂಡು ಮೂರನೆಯ ಕಂಬದೆದುರು ನಿಂತಿದ್ದಾರೆ. ಇನ್ನೂರ ಹನ್ನೆರಡರಲ್ಲಿ ಹೂದಾನಿ ಹಿಡಿದು ನಾನಿದ್ದೇನೆ. ಮಾವ ಪುಟ ತಿರುವಿ ನನ್ನ ತಲೆಯ ಮೇಲೆ ಕೈಯಿಟ್ಟು, "ಈ ಮನೆ ನಿಂತಿರೋದೇ ನಿನ್ನಿಂದ ಕಣಮ್ಮ" ಅಂದರು. ಕಾಲಿಗೆ ನಮಸ್ಕಾರ ಮಾಡಿದೆ. ಇನ್ನೇನು ಮಾಡಲಿ?

ನಿನ್ನ ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ. ಅವರು ಎಲ್ಲಿದ್ದರೂ ತಲೆಯೆತ್ತಿ ಬಾಳಲಿ. ನೀನು ಮಾತ್ರ ಬರೆಯುವುದನ್ನು ನಿಲ್ಲಿಸಬೇಡ.

ನಿನ್ನ,
ಅಳತೆಪಟ್ಟಿ

ಮರೆತ ವಿಷಯ: ಕವರು ಅಂಟಿಸುವ ಮೊದಲು ಇದನ್ನೂ ಹೇಳಿಬಿಡುತ್ತೇನೆ. ಮಗಳಿಗೆ ಸೀಟು ಸಿಕ್ಕಿ, ಮೊನ್ನೆ ಗುರುವಾರ ಹಾಸ್ಟೆಲಿಗೆ ಹೊರಟಳು. ಕಾರು ಹತ್ತುವ ಮುಂಚೆ ಅಪ್ಪನನ್ನು ತಬ್ಬಿಕೊಂಡು, "ಗಣಿತ ನಂಗೆ ನಿಮ್ಮಿಂದ್ಲೇ ಬಂದಿದ್ದು ಅಪ್ಪಾ" ಅಂದಳು. ಆಮೇಲೆ ನನ್ನ ಕೆನ್ನೆ ಹಿಡಿದು, "ಅಮ್ಮ, ಸೇತುವೆ ಹೇಗೆ ನಿಲ್ಲುತ್ತೆ ಅಂತ ನಿಂಗೆ ಗೊತ್ತಿಲ್ಲ ಅಲ್ವಾ? ರಜೆಗೆ ಬಂದಾಗ ಚಿತ್ರ ಬರೆದು ಹೇಳಿಕೊಡ್ತೀನಿ" ಅಂದಳು. ಎಷ್ಟು ಪ್ರೀತಿಯಿಂದ ಅಂದಳು ಗೊತ್ತಾ, ಗುಬ್ಬಿ. ನಾನು, "ಆಗ್ಲಿ ಕಣೇ, ಹೇಳಿಕೊಡು" ಅಂದೆ.