ಹೊಸ ಪುಸ್ತಕದಲ್ಲಿಲ್ಲದ ಪಾಠ

ಜುಲೈ ೧೪

ಪ್ರಿಯ ಮೆಣಸೀ,

ಹೇಗಿದ್ದೀಯೇ? ಉತ್ತರ ಇಷ್ಟು ತಡವಾಯಿತೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ಕೈ ಓಡುತ್ತಿರಲಿಲ್ಲ. ನಿನ್ನ ಮಂಡಿನೋವು ಇಳಿಯಿತೇ? ನನ್ನವರು ನಿವೃತ್ತರಾದ ಮೇಲೆ ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ಹರಡಿಕೊಂಡಿದ್ದಾರೆ. ಈಗ ಒಂದೂ ಸರಿಯಾದ ಹೊತ್ತು ತೋರಿಸುತ್ತಿಲ್ಲ.

ನಮ್ಮ ಶಾಲೆಯ ಸುದ್ದಿ ಏನೆಂದು ನೀನು ಕೇಳಿದ್ದೆ. ಗೇಟಿನೆದುರು ರಸ್ತೆ ದಾಟುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿಗೆ ಲಾರಿ ತಾಗಿ ಕಾಲು ಮುರಿಯಿತು. ಮರುದಿನ ಪೌರನೀತಿ ತರಗತಿಯಲ್ಲಿ ಅವಳ ಗೆಳತಿಯರು, "ಮೇಡಂ, ಇಲ್ಲಿ ಬಿಳಿ ಪಟ್ಟೆ ಹಾಕ್ಸಿ ಅಂತ ಯಾರನ್ನ ಕೇಳ್ಬೇಕು?" ಎಂದರು. ಹೊಸ ಪುಸ್ತಕವನ್ನೆಲ್ಲ ತಿರುವಿ ಹಾಕಿದೆ. ಉತ್ತಮ ಪೌರನ ಲಕ್ಷಣಗಳಿವೆ, ಸದನದ ಸದಸ್ಯನಾಗಲು ಎಷ್ಟು ವಯಸ್ಸಾಗಿರಬೇಕು ಎಂಬುದಿದೆ, ಬಿಟ್ಟ ಸ್ಥಳ ತುಂಬಿರಿ ಇದೆ. ಅರ್ಜಿ ಯಾರಿಗೆ ಕೊಡಬೇಕು, ಅವರು ಸುಮ್ಮನಿದ್ದರೆ ಮುಂದೇನು ಎಂಬುದು ಮಾತ್ರ ಇಲ್ಲ. ಹಳೆಯ ಪುಸ್ತಕದಲ್ಲಿತ್ತಲ್ಲ, ನಿನ್ನ ಅಡುಗೆಮನೆಯಲ್ಲಿ ಕೂತು ನಾವಿಬ್ಬರೂ ಬರೆದ ಪಾಠ! ನಿನ್ನ ಪಠ್ಯಸಮಿತಿಯಲ್ಲಿ ಅದನ್ನು ಕಿತ್ತುಹಾಕುವಾಗ ನೀನು ಎಷ್ಟು ಕಾದಾಡಿರುತ್ತೀಯೋ ಎಂದುಕೊಂಡು, ನೆನಪಿನಿಂದಲೇ ಅದನ್ನು ಹೇಳಿಕೊಟ್ಟೆ.

ಹುಡುಗಿಯರು ಪುರಸಭೆಗೆ ಹೋದರು. "ಪರೀಕ್ಷೆಗೆ ಓದ್ಕೊಳ್ಳಿ ಹೋಗ್ರಮ್ಮ" ಎಂದು ಗುಮಾಸ್ತ ನಕ್ಕನಂತೆ. ತರಗತಿಯಲ್ಲಿ ಬಾಯೇ ಬಿಡದ ಒಬ್ಬಳು, "ಅರ್ಜಿ ತಗೊಂಡಿದ್ದಕ್ಕೆ ರಸೀದಿ ಕೊಡಿ ಸರ್, ಇಲ್ಲಾಂದ್ರೆ ಇಲ್ಲೇ ಕೂತಿರ್ತೀವಿ" ಅಂದಳಂತೆ. ಕೊಟ್ಟ! ರಸ್ತೆಗೆ ಪಟ್ಟೆಯೂ ಬಿತ್ತು. ನನಗೋ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಆದರೆ ಪುರಸಭೆಯಿಂದ ದೂರು ಬಂತು. "ಪುಸ್ತಕದಲ್ಲಿ ಇಲ್ಲದ್ದು ಯಾಕೆ ಹೇಳ್ಕೊಟ್ರಿ?" ಎಂದು ಮುಖ್ಯೋಪಾಧ್ಯಾಯರು ಪೌರನೀತಿ ಕಿತ್ತುಕೊಂಡು ಹೊಲಿಗೆ ತರಗತಿ ಕೊಟ್ಟಿದ್ದಾರೆ. ನನ್ನ ಕಣ್ಣಿಗೆ ಸೂಜಿಯ ತೂತು ಎಲ್ಲಿ ಕಾಣಬೇಕು? ಹುಡುಗಿಯರೇ ದಾರ ಪೋಣಿಸಿಕೊಡುತ್ತಾರೆ, ಪಾಪ.

ನಿನ್ನ ಮಗಳಿಗೆ ಹೆರಿಗೆ ಸಲೀಸಾಗಲಿ. ಹುಟ್ಟುವ ಕೂಸನ್ನು ನನ್ನ ಪರವಾಗಿಯೂ ಮುದ್ದಿಸು. ನೀನೂ ನೂರು ಕಾಲ ಚೆನ್ನಾಗಿರು.

ನಿನ್ನ
ಕೊಕ್ಕರೆ

ತಾ.ಕ.: ಆ ಪಾಠ ತೆಗೆಸಿದ್ದು ಯಾರೆಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರ ಭಾವ ನಿನ್ನ ಸಮಿತಿಯಲ್ಲೇ ಇದ್ದರಲ್ಲ. ಮೊದಲು ತಡವರಿಸಿದರು. ಆಮೇಲೆ, "ಉಳಿದೋರೆಲ್ಲ ಇರ್ಲಿ ಬಿಡಿ ಅಂದ್ರಂತೆ ಮೇಡಂ. ನಿಮ್ಮ ಗೆಳತೀನೇ ಬೇಡ ಅಂದ್ರಂತೆ. 'ಅದನ್ನ ಬರೆದೋಳು ಜಗಳಗಂಟಿ, ನನಗೆ ಚೆನ್ನಾಗಿ ಗೊತ್ತು' ಅಂದ್ರಂತೆ" ಎಂದರು. ಬೇಡವೆಂದದ್ದನ್ನು ಹೇಗೋ ನುಂಗಿಕೊಂಡೇನು. 'ಬರೆದೋಳು' ಅಂದೆಯಲ್ಲೇ, ಒಬ್ಬಳೇ ಬರೆದಿದ್ದೆನೇನೇ ನಾನು?