ಅತ್ತೆಯ ತೊಟ್ಟಿಗೆ ಬಂದ ಮೀನು

ಸೆಪ್ಟೆಂಬರ್ 11, ಗುರುವಾರ, ರಾತ್ರಿ

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಬಹಳ. ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಇದನ್ನು ಯಾರೂ ಓದುವುದಿಲ್ಲ, ಆದರೂ ಕ್ಷಮೆ ಕೇಳಿಬಿಡುತ್ತೇನೆ.

ಮಗಳು ಗಿರಿಜೆಯ ಹಣೆ ಈಗಷ್ಟೇ ತಣ್ಣಗಾಗಿದೆ. ಈ ಮಳೆಗಾಲದಲ್ಲಿ ಅವಳಿಗೆ ಇದು ಎರಡನೆಯ ಮಲೇರಿಯಾ. ಮಾತ್ರೆ ಕೊಡುತ್ತಿದ್ದೇನೆ. ಇನ್ನೊಮ್ಮೆ ಬಂದರೆ ಈ ಸಣ್ಣ ಮೈ ತಡೆಯುತ್ತದೆಯೇ ಎಂಬುದೇ ಹೆದರಿಕೆ.

ನಿನ್ನೆ ಆಶಾ ಕಾರ್ಯಕರ್ತೆ ಜಯಮಾಲಾ ಅಕ್ಕ ನಮ್ಮ ಅಂಗಳದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿ ತೋರಿಸಿದಳು. ಕುಡಿಯಲೂ ಪೂಜೆಗೂ ಅದೇ ನೀರು. ಅತ್ತೆಗೆ ಸಿಟ್ಟು ಬಂತು.

"ಗಟಾರದಾಗ ಹುಡುಕ್ ಹೋಗು. ನನ್ನ ನೀರು ಸ್ವಚ್ಛ ಅದ."

"ಮಲೇರಿಯಾ ಸೊಳ್ಳಿಗೂ ನಿಮ್ಮಂಗ ಸ್ವಚ್ಛ ನೀರೇ ಬೇಕ್ರಿ ಅವ್ವಾ" ಎಂದು ಅಕ್ಕ ನಕ್ಕು, ತಾನು ತಂದ ಗಪ್ಪಿ ಮೀನುಗಳ ಡಬ್ಬಿ ತೆರೆದಳು. ಅವು ಸೊಳ್ಳೆಮರಿಗಳನ್ನು ತಿನ್ನುತ್ತವಂತೆ.

"ಲಿಂಗಪೂಜಿ ನೀರಾಗ ಮೀನ ಬಿಡ್ತೀಯೇನ ಬೇ?"

ನಾನು ಅತ್ತೆಯ ಎದುರು ಮಾತಾಡಿದವಳೇ ಅಲ್ಲ. ನಿನ್ನೆ ಹೇಗೋ ಬಾಯಿ ತೆರೆಯಿತು.

"ಅತ್ತಿ, ಗಿರಿಜಾನ ಮೈ ಸುಡಾಕತ್ತದ್ರಿ."

ಅತ್ತೆ ಒಳಗೆ ಹೋದರು. ಅಕ್ಕ ಮೀನು ಬಿಟ್ಟಳು. ಎದುರು ಮಾತಾಡಿಬಿಟ್ಟೆನಲ್ಲ ಎಂಬುದೇ ರಾತ್ರಿಯೆಲ್ಲ ನನ್ನನ್ನು ಕೊರೆಯಿತು. ಮಗುವಿನ ಪಕ್ಕ ಅತ್ತೆ, ನಾನು ಇಬ್ಬರೂ ಎಚ್ಚರವಾಗಿಯೇ ಮಲಗಿದ್ದೆವು.

ಇಂದು ಬೆಳಿಗ್ಗೆ ಅತ್ತೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ ಪೂಜೆಗೆ ನೀರು ತುಂಬುತ್ತಿದ್ದರು. ತಂಬಿಗೆ ಮುಳುಗಿಸುವ ಮುಂಚೆ "ಸ್ವಲ್ಪ ಬಾಜೂ ಸರೀರಿ" ಎಂದರು. ತೊಟ್ಟಿಯ ಬಳಿ ಮೀನುಗಳ ಹೊರತು ಬೇರೆ ಯಾರೂ ಇರಲಿಲ್ಲ. ಬಟ್ಟೆಯಲ್ಲಿ ಉಳಿದ ಒಂದು ಮೀನನ್ನು ಅಂಗೈಗೆ ತೆಗೆದುಕೊಂಡು, ಮೆಲ್ಲಗೆ ತೊಟ್ಟಿಗೆ ಬಿಟ್ಟರು.